ನೀರಿಲ್ಲ ಎನ್ನಲು ಬಾಯಿ ಬಾರದವರ ಪರವಾಗಿ

ಮನೆತೋಟ ತರಗತಿಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಗುರುವಾಯನಕೆರೆಯ ಪಕ್ಕದ ನಮ್ಮ ಗುಡ್ಡೆಯಲ್ಲಿ ನಡೆಯುತ್ತಿದ್ದ ಉಚಿತ ತರಗತಿಯನ್ನು ತಾವು ನಿಲ್ಲಿಸಿದ್ದೀರಿ. ಕಡಿಮೆ ನೀರಿನಲ್ಲಿ ಅಂಗಳದಲ್ಲೇ ತರಕಾರಿ ಬೆಳೆಸುವುದನ್ನು ಕಲಿಸುವ ತರಗತಿ ಅದು. ತಮ್ಮ ಆದೇಶದಲ್ಲಿ ಕಾರಣಗಳು ಎರಡು: "ಸ್ಥಳೀಯ ಮಹಿಳೆಯರಲ್ಲಿ ಆಸಕ್ತಿಯ ಕೊರತೆ" ಮತ್ತು "ಆಸಕ್ತಿ ಮೂಡಿಸುವಲ್ಲಿ ತರಬೇತುದಾರರ ವೈಫಲ್ಯ". ಎರಡೂ ಸುಳ್ಳು. ಆದರೆ ಸುಳ್ಳು ಹೇಳಿದವರು ತಾವಲ್ಲ, ನಾವು. ಆ ಎರಡು ಮಾತುಗಳು ಪತ್ರಿಕೆಯಲ್ಲಿ ಅಚ್ಚಾಗಿ ಊರೆಲ್ಲ ಓದಿದ್ದರಿಂದ ನನ್ನ ತಪ್ಪೊಪ್ಪಿಗೆಯೂ ಪತ್ರಿಕೆಯಲ್ಲೇ ಬರಲಿ ಎಂದು ಬರೆಯುತ್ತಿದ್ದೇನೆ. ತಮ್ಮ ಕಚೇರಿಗೆ ಬಂದು ಎದುರು ನಿಂತು ಹೇಳುವ ಮುಖ ನನಗಿಲ್ಲ.

ನಾನು ಮನೆಯಲ್ಲಿ ರವಿಕೆ ಹೊಲಿಯುವವಳು. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿ ಉಳಿದದ್ದು ಒಂದು ಪಟ್ಟಿ ಅಂಗಳ, ಅದೂ ಮುರಕಲ್ಲಿನ ನೆಲ. ಅಲ್ಲಿ ಹುಲ್ಲೂ ಸರಿಯಾಗಿ ಏಳುತ್ತಿರಲಿಲ್ಲ. ನಾರಾವಿಯಿಂದ ಬಸ್ಸು ಹತ್ತಿ ಬರುತ್ತಿದ್ದ ತರಬೇತುದಾರರು ದೀಪಶ್ರೀ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ನಮಗೆಲ್ಲ ಅವರು ಟೀಚರ್. ಅಲಸಂಡೆಯ ಬುಡದಲ್ಲಿ ಮಣ್ಣಿನ ಮಡಕೆ ಹೂತು, ನೀರು ತುಂಬಿ, ಬಾಯಿ ಮುಚ್ಚಿಡಲು ಅವರೇ ಕಲಿಸಿದರು. ನೀರು ತಾನಾಗಿ ಜಿನುಗಿ ಬೇರಿಗೆ ಹೋಗುತ್ತದೆ. ತರಗೆಲೆಯನ್ನು ಗುಡಿಸಿ ಬೆಂಕಿ ಕೊಡುವ ಬದಲು ಗಿಡದ ಬುಡಕ್ಕೆ ಹಾಸಲು ಹೇಳಿದರು. ಬಸಳೆಯನ್ನು ಬಚ್ಚಲಿನ ನೀರಲ್ಲಿ ಬೆಳೆಸಿದ ಅಜ್ಜಿಯಂದಿರ ಮೊಮ್ಮಕ್ಕಳು ನಾವು, ನಿಜ. ಆದರೆ ಹೊಸ ಮನೆಗಳ ಬಚ್ಚಲಿನ ನೀರು ಪೈಪಿನಲ್ಲಿ ಇಳಿದು ಗುಂಡಿ ಸೇರುತ್ತದೆ. ಅದನ್ನು ಮತ್ತೆ ಮೇಲೆ ತಂದು ಬಸಳೆಗೆ ತಿರುಗಿಸಲು ಒಬ್ಬ ಟೀಚರ್ ಬರಬೇಕಾಯಿತು. ಫೆಬ್ರವರಿಯಲ್ಲಿ ನಾನು ನನ್ನ ಅಂಗಳದ ಅಲಸಂಡೆ ಕೊಯ್ದು ಪಲ್ಯ ಮಾಡಿದೆ. ಇದು ಆಸಕ್ತಿಯ ಕೊರತೆಯೇ?

ಹಾಗಾದರೆ ಏನಾಯಿತು? ತಮ್ಮ ಸುತ್ತೋಲೆಯಿಂದಲೇ ಆರಂಭಿಸುತ್ತೇನೆ. ತರಗತಿ ಸರದಿಯಂತೆ ಒಂದೊಂದು ಮನೆಯಲ್ಲಿ ನಡೆಯಬೇಕು, "ಲಘು ಉಪಾಹಾರದ ವ್ಯವಸ್ಥೆಯನ್ನು ಆತಿಥೇಯರು ಸ್ವಇಚ್ಛೆಯಿಂದ ಮಾಡಬಹುದು" ಎಂದಿತ್ತು. ಸ್ವಇಚ್ಛೆಯಿಂದ! ಈ ಪದ ಬರೆದವರು ಬೆಳ್ತಂಗಡಿಯಲ್ಲಾಗಲಿ ಬಂಟ್ವಾಳದಲ್ಲಾಗಲಿ ಮೂಡಬಿದಿರೆಯಲ್ಲಾಗಲಿ ಒಂದು ಮನೆಯ ಮೆಟ್ಟಿಲು ಹತ್ತಿದವರಲ್ಲ. ಇಲ್ಲಿ ಯಾರು ಬಂದರೂ ಕಾಲು ತೊಳೆಯಲು ಚೆಂಬು ನೀರು, ಕೂತ ಕೂಡಲೇ ಬೆಲ್ಲ ನೀರು, ಆಮೇಲೆ ಬಾಯಾರಿಕೆಗೆ ಏನು ಬೇಕೆಂಬ ಪ್ರಶ್ನೆ. ಇದರಲ್ಲಿ ಇಚ್ಛೆಯ ಮಾತು ಎಲ್ಲಿಂದ ಬಂತು?

ಮೊದಲ ಸರದಿ ಸೇಸಮ್ಮನವರದು. ನಮ್ಮ ಗುಡ್ಡೆಯ ಹಿರಿಯರು, ನಮ್ಮೆಲ್ಲರಿಗಿಂತ ಮೊದಲು ಬಸಳೆಗೆ ಚಪ್ಪರ ಹಾಕಿದವರು. ಅಂದು ಅಂಗಳದ ಈಚೆ ದೀಪಶ್ರೀ ಟೀಚರ್ ಒಂದು ಬಕೆಟ್ ನೀರಲ್ಲಿ ಒಂದು ಸಾಲು ತರಕಾರಿಯನ್ನು ಹೇಗೆ ಉಳಿಸಬಹುದೆಂದು ತೋರಿಸುತ್ತಿದ್ದರು. ಆಚೆ ಸೇಸಮ್ಮ ಪುನರ್ಪುಳಿ ಶರಬತ್ತು ಕುಡಿದ ಲೋಟಗಳನ್ನು ರಾಶಿ ಹಾಕಿ ತೊಳೆಯುತ್ತಿದ್ದರು. ಅವೇ ಲೋಟಗಳಲ್ಲಿ ಇನ್ನು ಚಾ ಕೊಡಬೇಕಿತ್ತು. ಉಳಿತಾಯದ ಪಾಠ ಮುಗಿಯುವುದರೊಳಗೆ ಪೀಪಾಯಿ ತಳ ಕಂಡಿತ್ತು. ಬಸಳೆಗೆಂದು ಎತ್ತಿಟ್ಟ ನೀರೂ ಅದರಲ್ಲೇ ಹೋಯಿತು.

"ಬಸಳೆಗೆ ಎಂತ ಮಾಡ್ತೀರಿ ಸೇಸಮ್ಮಕ್ಕ?" ಎಂದು ನಾನು ಮೆಲ್ಲಗೆ ಕೇಳಿದೆ.

"ಬಸಳೆಗೆ ನಾಳೆ ಹಾಕ್ತೇನೆ. ಬಂದವರನ್ನು ಒಣ ಬಾಯಲ್ಲಿ ಕಳಿಸ್ಲಿಕ್ಕೆ ಆಗ್ತದಾ ಮಾರಾಯ್ತಿ?"

ಅಂದು ತಾವೂ ಬಂದಿದ್ದಿರಿ. ಪ್ರತಿ ಹನಿಯೂ ಅಮೂಲ್ಯವೆಂದು ಚಂದ ಮಾತಾಡಿದಿರಿ, ನಾವು ಚಪ್ಪಾಳೆ ತಟ್ಟಿದೆವು. ತಮ್ಮ ಚಾಲಕರು ಜೀಪಿನ ಗಾಜಿಗೆ ಧೂಳು ಕೂತಿದೆಯೆಂದು ಒಂದು ಬಕೆಟ್ ನೀರು ಕೇಳಿದರು. ಸೇಸಮ್ಮ ಒಳಗೆ ಹೋಗಿ ಅಡುಗೆಗೆ ಇಟ್ಟಿದ್ದ ನೀರನ್ನೇ ತಂದುಕೊಟ್ಟರು, ಅದೂ ನಗುನಗುತ್ತಾ. ಆ ನೀರು ಎಲ್ಲಿಂದ ಬಂತೆಂದು ತಾವು ಕೇಳಲಿಲ್ಲ. ಗೊತ್ತಿದ್ದ ನಾವು ಹೇಳಲಿಲ್ಲ. ಇದರಲ್ಲಿ ಯಾರ ತಪ್ಪು ದೊಡ್ಡದೆಂದು ನಾನು ಬಹಳ ಯೋಚಿಸಿದ್ದೇನೆ. ತಮ್ಮ ಮೇಲೆ ಹಾಕಿಬಿಡಲು ತುಂಬ ಆಸೆಯಾಗುತ್ತದೆ, ಆದರೆ ಪೂರ್ತಿ ಹಾಕಲು ಆಗುವುದಿಲ್ಲ.

ಯಾಕೆಂದರೆ ಮುಂದಿನ ಮನೆಯವರು ಸೇಸಮ್ಮನಿಗಿಂತ ಕಡಿಮೆಯಾಗಲು ಒಪ್ಪಲಿಲ್ಲ. ಶರಬತ್ತು, ಚಾ, ಜೊತೆಗೆ ಗೋಳಿಬಜೆ, ಅದರ ಎಣ್ಣೆ ಕೈ ತೊಳೆಯಲು ಮತ್ತೆ ನೀರು. ಅದರ ಮುಂದಿನವರು ಇಡ್ಲಿ ಸಾಂಬಾರನ್ನೇ ಮಾಡಿಬಿಟ್ಟರು. ನೀರು ಉಳಿಸುವುದನ್ನು ಕಲಿಯಲು ಹೋದವರು ನಾವು, ಮದುವೆಮನೆಯವರ ಹಾಗೆ ಉಂಡು ಕೈ ತೊಳೆದು ಬಂದೆವು. ಅಷ್ಟರಲ್ಲಿ ಏಪ್ರಿಲ್ ಬಂತು. ನಳ್ಳಿಯ ನೀರು ದಿನ ಬಿಟ್ಟು ದಿನವಾಯಿತು. ಗುಡ್ಡೆಯ ಅರ್ಧ ಮನೆಗಳಿಗೆ ಆಸರೆ ಆಯಿಶಮ್ಮನವರ ಬಾವಿ. ಅದರಲ್ಲಿ ಕೊಡಪಾನ ಇಳಿಸಿದರೆ ಕೆಸರು ಬಂತು. ಸರದಿ ಆಗ ಆಯಿಶಮ್ಮನ ಸೊಸೆ ನಸೀಬಾಳದು.

"ಟೀಚರ್, ಆ ದಿನ ನಮಗೆ ಉಪ್ಪಿನಂಗಡಿಯಲ್ಲಿ ಒಂದು ಮದುವೆ ಉಂಟು" ಎಂದು ನಸೀಬಾ ಫೋನು ಮಾಡಿದಳು.

ಮದುವೆ ಇರಲಿಲ್ಲ. ಆಚೆಮನೆಯವರಿಗೆ ತೀರಿಹೋದ ಸಂಬಂಧಿಕರ ಬೊಜ್ಜದ ಊಟ ಬಂತು, ಅದೂ ಇರಲಿಲ್ಲ. ಮತ್ತೊಬ್ಬರು ಧರ್ಮಸ್ಥಳಕ್ಕೆ ಹೊರಟರು, ಹಿತ್ತಿಲು ದಾಟಲಿಲ್ಲ. ಆಮೇಲೆ ಸರದಿ ನನ್ನದು. ನಾನು ಮಗಳಿಗೆ ಜ್ವರ ಎಂದೆ. ಆಗ ಅವಳು ನನ್ನ ಎದುರೇ ಕೂತು ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದಳು. ನನ್ನ ಮಾತು ಕೇಳಿ ತಿನ್ನುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

ಮನೆಯಲ್ಲಿ ಅಕ್ಕಿ ಮುಗಿದಿದೆ ಎಂದು ನಾವು ಪಕ್ಕದ ಮನೆಯಲ್ಲಿ ಹೇಳಿಯೇವು. ಆದರೆ ಬಂದವರ ಎದುರು ನೀರಿಲ್ಲ ಎನ್ನುವುದು? ನಾಲಿಗೆ ಏಳುವುದಿಲ್ಲ ಮಾನ್ಯರೇ. ಗಿಡಕ್ಕೆ ಎಷ್ಟು ನೀರು ಸಾಕೆಂದು ಟೀಚರ್ ಕಲಿಸಿದರು. ಬಂದವರಿಗೆ ಎಷ್ಟು ಸಾಕೆಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಜ್ವರ ಎಂದ ಮೇಲೂ ಆ ದಿನ ದೀಪಶ್ರೀ ಟೀಚರ್ ಬಂದರು. ಗೇಟಿನ ಸದ್ದಾಯಿತು. ನಾನು ಮೆಷಿನ್ ನಿಲ್ಲಿಸಿ ಬಾಗಿಲ ಹಿಂದೆ ನಿಂತೆ. "ಚಿತ್ರಕ್ಕ, ಇದ್ದೀರಾ? ಮಗುವನ್ನು ನೋಡಿ ಹೋಗುವ ಅಂತ ಬಂದೆ" ಎಂದು ಕರೆದರು. ನಾನು ಮೆಲ್ಲಗೆ ಕಿಟಕಿಯ ಕಡೆ ಸರಿದೆ. ಡಾಕ್ಟರಲ್ಲಿಗೆ ಹೋಗಿರಬೇಕು ಎಂದುಕೊಂಡರೋ ಏನೋ, ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು ಬೆವರೊರೆಸಿಕೊಂಡರು. ಚೀಲದಿಂದ ತಮ್ಮದೇ ಬಾಟಲಿ ತೆಗೆದು ಅರ್ಧ ಕುಡಿದರು. ಆಮೇಲೆ ನನ್ನ ಬಾಡಿದ ಅಲಸಂಡೆಯ ಹತ್ತಿರ ಹೋಗಿ, ಹೂತ ಮಡಕೆಯ ಮುಚ್ಚಳ ತೆಗೆದು ಒಳಗೆ ನೋಡಿದರು. ಅದು ಒಣಗಿತ್ತು. ಬಾಟಲಿಯಲ್ಲಿ ಉಳಿದ ನೀರನ್ನು ಅದಕ್ಕೆ ಸುರಿದು, ಮುಚ್ಚಳ ಮುಚ್ಚಿ, ಬಸ್ಸಿಗೆ ನಡೆದರು. ನಾನು ಕಿಟಕಿಯ ಪರದೆ ಹಿಡಿದುಕೊಂಡು ಎಲ್ಲವನ್ನೂ ನೋಡಿದೆ. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ಅವರು ಯಾವತ್ತೂ ಬಾಟಲಿ ತರುತ್ತಿದ್ದರು. ನಮ್ಮ ಶರಬತ್ತು ಅವರಿಗೆ ಬೇಕಾಗಿಯೇ ಇರಲಿಲ್ಲ. ನಮ್ಮ ಮನಸ್ಸಿಗೆ ನೋವಾಗದಿರಲಿ ಎಂದು ಕುಡಿಯುತ್ತಿದ್ದರು.

ಈಗ ಆ ಟೀಚರಿಂದ ತಾವು ವಿವರಣೆ ಕೇಳಿದ್ದೀರಂತೆ. ಮುಂದಿನ ವರ್ಷ ಅವರನ್ನು ತೆಗೆದುಕೊಳ್ಳುವುದು ಅನುಮಾನವಂತೆ. ತರಗತಿಯನ್ನು ಬಿ.ಸಿ.ರೋಡಿನ ತಂಪು ಸಭಾಂಗಣಕ್ಕೆ ಒಯ್ದು, ನೀರಿನ ಮಿತಬಳಕೆಯನ್ನು ಪರದೆಯ ಮೇಲೆ ತೋರಿಸುತ್ತೀರಂತೆ. ಕೂತವರೆಲ್ಲರ ಮುಂದೆ ಒಂದೊಂದು ಬಾಟಲಿ ನೀರು ಇಡುತ್ತೀರಂತೆ. ಅರ್ಧ ಕುಡಿದು ಬಿಟ್ಟ ಆ ಬಾಟಲಿಗಳಿಗೆ ಯಾವ ಗಿಡದ ಬುಡ ಸಿಗುತ್ತದೆ? ತಂಪಿನಲ್ಲಿ ಕೂತು ಏಪ್ರಿಲ್ ತಿಂಗಳ ಗಿಡದ ಕಷ್ಟ ಯಾರಿಗೆ ಅರ್ಥವಾಗುತ್ತದೆ?

ಆದ್ದರಿಂದ ಕೇಳುತ್ತೇನೆ. ದೀಪಶ್ರೀ ಅವರ ವೈಫಲ್ಯ ಎಂಬ ಮಾತನ್ನು ಆದೇಶದಿಂದ ತೆಗೆಯಿರಿ. ಆ ಜಾಗದಲ್ಲಿ ಯಾರ ಹೆಸರಾದರೂ ಬೇಕೇ ಬೇಕೆಂದಾದರೆ ನನ್ನದನ್ನು ಹಾಕಿ. ತರಗತಿಯನ್ನು ಮತ್ತೆ ನಮ್ಮ ಅಂಗಳಗಳಿಗೆ ತನ್ನಿ, ಅವರನ್ನೇ ಕಳಿಸಿ, ಬೇಸಗೆಯಲ್ಲೇ ನಡೆಸಿ. ಜೊತೆಗೆ ಒಂದು ಕಟ್ಟುನಿಟ್ಟಿನ ನಿಯಮ ಮಾಡಿ: ತರಗತಿ ನಡೆಯುವ ಮನೆಯವರು ಯಾರಿಗೂ ಏನನ್ನೂ ಕೊಡತಕ್ಕದ್ದಲ್ಲ, ಬಂದವರು ತಮ್ಮ ನೀರನ್ನು ತಾವೇ ತರತಕ್ಕದ್ದು, ಜೀಪಿನ ಗಾಜು ಹೇಗಿದೆಯೋ ಹಾಗೇ ಇರತಕ್ಕದ್ದು. ನಾವಾಗಿ ಬಿಡಲಾಗದ್ದನ್ನು ಸರಕಾರ ಬಿಡಿಸಿತು ಎಂದರೆ ನಮ್ಮ ಮರ್ಯಾದೆ ಉಳಿಯುತ್ತದೆ. ಬೈಯುವವರು ತಮ್ಮನ್ನು ಬೈಯಲಿ. ತಮಗೆ ಅದರ ಅಭ್ಯಾಸ ಇರಬಹುದು.

ಸಾಧ್ಯವಾದರೆ ಬೇಗ ಮಾಡಿ. ನಿನ್ನೆ ಟೀಚರ ಫೋನು ಬಂತು, ನಾನು ಎತ್ತಲಿಲ್ಲ. ಆಮೇಲೆ ಸಂದೇಶ ಬಂತು. ತಮಗೆ ವಿವರಣೆ ಬರೆಯುವ ಗಡಿಬಿಡಿಯ ನಡುವೆ ಅವರು ನನಗೆ ಬರೆದದ್ದು ಇಷ್ಟೇ: "ಚಿತ್ರಕ್ಕ, ಮಗಳ ಜ್ವರ ಬಿಟ್ಟಿತಾ?" ನಾನಿನ್ನೂ ಉತ್ತರ ಕೊಟ್ಟಿಲ್ಲ. ಈ ಪತ್ರ ಅಚ್ಚಾದ ದಿನ ಅವರು ಇದನ್ನು ಓದುತ್ತಾರೆ.

ಇಂತಿ,
ಜ್ವರವೇ ಬಾರದ ಮಗಳ ತಾಯಿ,
ಚಿತ್ರಾ, ಟೈಲರ್
ಗುರುವಾಯನಕೆರೆ