ಎರಡನೇ ಸ್ಕ್ಯಾನ್

ಮಾರ್ಚ್ ೪, ಬುಧವಾರ

ಪ್ರೀತಿಯ ಡಾಕ್ಟರೇ,

ಕಟ್ಟಿಕೊಂಡ ಗಂಡನಿಗೆ ಯಾರಾದರೂ ಹೀಗೆ ಬರೆಯುತ್ತಾರೆಯೇ ಎಂದು ನಗಬೇಡಿ. ಮನೆ ಬಿಟ್ಟು ಹೋದವರನ್ನು ‘ರೀ’ ಎಂದು ಕರೆಯಲು ಬಾಯಿ ಬರುತ್ತಿಲ್ಲ. ಹರಿದು ಬಿಸಾಡುವ ಮೊದಲು ಪೂರ್ತಿ ಓದಿ, ಸಾಕು.

ನಮ್ಮ ಧಾಮದ ಕರಡಿ ಗುಂಡಮ್ಮ ಈಗ ಹೊಟ್ಟೆತುಂಬ ತಿನ್ನುತ್ತಾಳೆ. ಆದರೆ ಲಾರಿಯಿಂದ ವಾಪಸ್ ಬಂದಾಗಿನಿಂದ ಮೂಲೆಯಲ್ಲಿ ಒಣಹುಲ್ಲು ಗುಡ್ಡೆ ಹಾಕಿಕೊಂಡು ಕೂರುತ್ತಾಳೆ. ಪೊರಕೆ ಕಂಡರೆ ಸಾಕು, ಅಡ್ಡ ಬರುತ್ತಾಳೆ. ಅಲ್ಲಿ ಮರಿ ಇಲ್ಲ ಎಂದು ಅವಳಿಗೆ ಹೇಳುವವರು ಯಾರು?

ಸೆಪ್ಟೆಂಬರಿನಲ್ಲಿ ನೀವು ಅವಳಿಗೆ ಸ್ಕ್ಯಾನ್ ಮಾಡಿದಾಗ ಏನೂ ಕಾಣಲಿಲ್ಲ. ಕರಡಿ ಬಸಿರು ನಮ್ಮ ಥರ ಅಲ್ಲ ಕಣೇ ಅಂದಿರಿ. ಬೇಸಿಗೆಯಲ್ಲಿ ಕೂಡಿದರೂ ಭ್ರೂಣ ಸಾಸಿವೆಗಿಂತ ಚಿಕ್ಕದಾಗಿ ಗರ್ಭಕೋಶದಲ್ಲಿ ತಿಂಗಳುಗಟ್ಟಲೆ ಸುಮ್ಮನೆ ತೇಲುತ್ತಿರುತ್ತದಂತೆ. ತಾಯಿ ಮೈತುಂಬಿಕೊಂಡು ಚಳಿ ಹತ್ತಿರ ಬಂದಮೇಲೇ ಅಂಟಿಕೊಂಡು ಬೆಳೆಯುತ್ತದಂತೆ. ಈಗ ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ, ಡಿಸೆಂಬರ್ ಹದಿನೈದಕ್ಕೆ ನಾನು ತರಬೇತಿಗೆ ಹೋಗಿರ್ತೀನಿ, ನೀನೇ ಇನ್ನೊಂದ್ಸಲ ನೋಡು ಅಂದಿರಿ.

ನಾನು ನೋಡಲಿಲ್ಲ. ಹಳೆಯ ಚಿತ್ರವನ್ನೇ ಫೈಲಿಗೆ ಸೇರಿಸಿ, ರಿಜಿಸ್ಟರಿನಲ್ಲಿ ‘ಇಲ್ಲ’ ಎಂದು ಬರೆದೆ. ನೀವು ಬಂದು, ನನ್ನ ಅಕ್ಷರ ನಂಬಿ ಕಣ್ಣುಮುಚ್ಚಿ ಸಹಿ ಹಾಕಿದಿರಿ. ಬಸಿರಿಲ್ಲ ತಾನೇ ಎಂದು ಜನವರಿಯಲ್ಲಿ ಅವಳನ್ನು ಬೇರೆ ಧಾಮಕ್ಕೆ ಸಾಗಿಸಲು ಲಾರಿ ಹತ್ತಿಸಿದರು. ದಾರಿಯಲ್ಲೇ ಹೆತ್ತಳು. ಅಂಗೈಯಷ್ಟಿದ್ದ ಮರಿ ಚಳಿಗೆ ಸತ್ತುಹೋಯಿತು.

ಧಾಮದ ಕಮಿಟಿಯವರು ನಿಮ್ಮನ್ನು ಕೆಲಸದಿಂದ ತೆಗೆದರು. ನನ್ನ ಹೆಸರು ಹೇಳದೆ ನೀವೇ ತಪ್ಪು ಹೊತ್ತುಕೊಂಡಿರಿ, ನಾನು ಹೊರಲು ಬಿಟ್ಟೆ. ಮನೆಯಲ್ಲಿ ಒಂದೇ ಸಲ, ಯಾಕೆ ಹಾಗೆ ಬರೆದೆ ಎಂದು ಕೇಳಿದಿರಿ. ಜ್ವರವಿತ್ತು, ಮರೆತೆ ಅಂದೆ. ಅಷ್ಟೇನಾ ಅಂದಿರಿ. ಮರುದಿನ ಬ್ಯಾಗು ತುಂಬಿಕೊಂಡಿರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಹೋಗುತ್ತಿದ್ದೆ.

ಇವತ್ತು ಕಮಿಟಿಗೆ ನಿಜ ಬರೆದು ಕೊಟ್ಟೆ. ತಪ್ಪು ನನ್ನದು. ನಿಮ್ಮ ಹೆಸರು ಉಳಿದರೆ ಸಾಕು. ನೀವು ಬಂದರೆ ಸಂತೋಷ, ಬನ್ನಿ ಎನ್ನಲು ನನಗೆ ಮುಖವಿಲ್ಲ.

ಇಂತಿ,
ನಿಮ್ಮ ಸ್ಕ್ಯಾನಿನವಳು

ತಾ.ಕ.: ಜ್ವರ ಎಂದದ್ದು ಸುಳ್ಳು. ಆ ಹದಿನೈದರ ಬೆಳಿಗ್ಗೆ ನಾನೇ ಆಸ್ಪತ್ರೆಯ ಸ್ಕ್ಯಾನ್ ರೂಮಿನಲ್ಲಿ ಮಲಗಿದ್ದೆ. ನನಗೆ ಎರಡು ತಿಂಗಳು ತುಂಬಿತ್ತು. ನೀವು ತರಬೇತಿ ಮುಗಿಸಿ ಬಂದಮೇಲೆ ಹೇಳೋಣವೆಂದು ಬಚ್ಚಿಟ್ಟಿದ್ದೆ. ಡಾಕ್ಟರಮ್ಮ ಪರದೆಯನ್ನು ಆ ಕಡೆ ತಿರುಗಿಸಿ, ಎದೆಬಡಿತ ಇಲ್ಲ ಅಂದರು. ಈಗ ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ, ಇನ್ನೊಂದ್ಸಲ ನೋಡಿ ಎಂದು ಅವರ ಹತ್ತಿರ ಜಗಳವಾಡಿದೆ. ಮಧ್ಯಾಹ್ನ ಡ್ಯೂಟಿಗೆ ಬಂದೆ. ಇನ್ನೊಂದು ಪರದೆ ನೋಡುವ ಧೈರ್ಯ ನನಗಿರಲಿಲ್ಲ ರೀ.