ಕಾಗದದಲ್ಲಿ ಮುಳುಗಿದವರಿಗೆ

ದಢೇಸುಗೂರು,
21 ನವೆಂಬರ್ 2024

ಹುಸ್ನಾಳ ಅಬ್ಬಾ ಅವರಿಗೆ ಸುಲ್ತಾನಾಳ ಸಲಾಂ.

ಬಲೆಯ ಹಗ್ಗ ಕೊಯ್ದ ಅಂಗೈ ಗಾಯ ಮಾಯಿತೇ? ಮಲ್ಪೆಯ ಗಾಳಿಗೆ ಕೆಮ್ಮು ಹೆಚ್ಚಲಿಲ್ಲವಷ್ಟೇ? ಫೋನು ಸಮುದ್ರಕ್ಕೆ ಬೀಳಿಸಿಕೊಂಡ ಜಾಣರಿಗೆ ಕಾಗದವೇ ಗತಿ, ಅದಕ್ಕೇ ದೋಣಿ ಮಾಲೀಕರ ವಿಳಾಸಕ್ಕೆ ಬರೆಯುತ್ತಿದ್ದೇನೆ. ಕಾಲುವೆಯಲ್ಲಿ ನೀರಿದೆ, ಭತ್ತದ ತೆನೆ ಬಾಗಿದೆ. ಡಿಸೆಂಬರ್ ಏಳಕ್ಕೆ ನೀವು ಬರುತ್ತೀರೆಂದು ನಿಮ್ಮ ಅಮ್ಮ ದಿನ ಎಣಿಸುತ್ತಿದ್ದಾರೆ. ಮಗಳು ಸಿಂಧನೂರಿನ ಕಾಲೇಜು ತಪ್ಪಿಸುವುದಿಲ್ಲ, ಮನೆಗೆಲಸ ಮಾತ್ರ ತಪ್ಪಿಸುತ್ತಾಳೆ.

ಹೋದ ವಾರ ನಿಮ್ಮ ತಮ್ಮ ಅಸದ್ ಒಂದು ಇಂಗ್ಲಿಷ್ ಕಾಗದ ತಂದು, "ಕಾಲುವಿ ನೀರಿನ ಅರ್ಜಿ ಭಾಬಿ, ಸಹಿ ಮಾಡ್ರಿ" ಎಂದ. ತೋರಿಸಿದ್ದು ಕೊನೆಯ ಹಾಳೆ ಮಾತ್ರ. ಮೈದುನನೆಂದು ನಂಬಿ ಮಾಡಿಬಿಟ್ಟೆ. ಅವನು ಚಹಾ ಕುಡಿಯುವಷ್ಟರಲ್ಲಿ ಹುಸ್ನಾ ಅದರ ಫೋಟೊ ತೆಗೆದಳು. ನನ್ನ ಸಹಿಯ ಕೆಳಗೆ 'ಸುಲ್ತಾನಾ, ರೆಲಿಕ್ಟ್ ಆಫ್ ಜಾಹೀದ್' ಎಂದಿತ್ತು. ಮರುದಿನ ಕಾಲೇಜಿನ ದಪ್ಪ ನಿಘಂಟು ನೋಡಿ ಬಂದಳು. ಲ್ಯಾಟಿನ್ನಿನಿಂದ ಬಂದ ಹಳೆಯ ಮಾತಂತೆ, ಈಗ ಯಾರೂ ಬಳಸುವುದಿಲ್ಲವಂತೆ. ಮೂಲದಲ್ಲಿ 'ಹಿಂದೆ ಬಿಟ್ಟುಹೋದದ್ದು' ಎಂದರ್ಥ. ವರ್ಷದಲ್ಲಿ ಎಂಟು ತಿಂಗಳು ಮಲ್ಪೆಯಲ್ಲಿರುವವರ ಹೆಂಡತಿಗೆ ಸರಿಯಾಗಿದೆ ಎಂದು ನಕ್ಕೆ. ಅವಳು ನಗಲಿಲ್ಲ. "ಪೂರಾ ಕೇಳಮ್ಮೀ. ಗಂಡ ಸತ್ತಾಕಿಗೆ ಹಂಗಂತಿದ್ರಂತ" ಎಂದಳು.

ಕಾಗದದ ಅಡಿಯಲ್ಲಿ ಲಿಂಗಸುಗೂರಿನಲ್ಲಿ ಆಸ್ತಿ ಪತ್ರ ಬರೆಯುವ ಶರಣಬಸವ ಅವರ ಹೆಸರಿತ್ತು. ಸಿಂಧನೂರಿನಲ್ಲಿ ನಿಮ್ಮ ಮುಖ ಬಲ್ಲವರು ಬಹಳ, ಅದಕ್ಕೇ ಅಸದ್ ಅಲ್ಲಿಯವರೆಗೆ ಹೋಗಿದ್ದಾನೆ. ನಾನೂ ಬಸ್ಸು ಹತ್ತಿದೆ. ನನ್ನ ಹೆಸರು ಹೇಳಿದೊಡನೆ ಆ ಮುದುಕರು ಎದ್ದುನಿಂತು ನನಗೆ ಕುರ್ಚಿ ಕೊಟ್ಟರು. "ವಿಧವಾ ಅಂತ ಬರದ್ರ ಹೆಣ್ಮಗಳ ಕಣ್ಣಿಗೆ ಚುಚ್ಚತೈತಿ ಅಂತ ನಮ್ಮಪ್ಪ ಈ ಹಳೇ ಮಾತು ಹಾಕ್ತಿದ್ದ ತಾಯಿ. ನಾನೂ ಅದನ್ನ ಹಾಕೀನಿ. ಮುಳುಗಿದವರ ಹೆಣಾ ಸೈತ ಸಿಗಲಿಲ್ಲಂತಲ್ಲ?" ಎಂದರು. ನನ್ನ ಗಂಡ ಬದುಕಿದ್ದಾರೆ ಎಂದಾಗ ಕಾಗದದಲ್ಲಿ ಬರೆದದ್ದನ್ನೆಲ್ಲ ಬಿಡಿಸಿ ಹೇಳಿದರು. ನಿಮ್ಮ ಎರಡು ಎಕರೆಯನ್ನು ಅಸದನಿಗೆ ಬಿಟ್ಟುಕೊಟ್ಟೆ ಎಂದು ಮೇಲಿನ ಹಾಳೆಗಳಲ್ಲಿದೆಯಂತೆ. ಕಾಗದ ಅವನ ಬಳಿಯೇ ಇದೆ. ಅಮ್ಮನಿಗೆ ನಾನು ಏನೂ ಹೇಳಿಲ್ಲ, ಅಸದನೂ ಅವರು ಹೆತ್ತ ಮಗನಲ್ಲವೇ? ನನಗೆ ಬಹಳ ಭಯವಾಗಿದೆ.

ಅಮ್ಮನ ದುವಾ, ಮಗಳ ಸಲಾಂ. ಅಲ್ಲಾಹ್ ನಿಮ್ಮನ್ನು ನೀರಿನಲ್ಲೂ ನೆಲದಲ್ಲೂ ಕಾಯಲಿ.

ನಿಮ್ಮ
ಸುಲ್ತಾನಾ

ಮತ್ತೆ: ಲಕೋಟೆ ಅಂಟಿಸುವಾಗ ಅಸದ್ ಬಂದಿದ್ದ. "ಭಾಯಿ ಯಾವಾಗ ಬರ್ತಾನ? ನಾನ ಹೋಗಿ ಕರ್ಕೊಂಡು ಬರ್ತೀನಿ" ಎಂದ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಬಸ್ ಸ್ಟ್ಯಾಂಡಿಗೆ ಬಂದವನಲ್ಲ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹಿಗ್ಗಿನಿಂದ ದಿನವನ್ನೂ ಬಸ್ಸನ್ನೂ ಹೇಳಿಬಿಟ್ಟರು. ಸಿಂಧನೂರಿಗೆ ಬರಬೇಡಿ. ಮಸ್ಕಿಯಲ್ಲೇ ಇಳಿದು ನನ್ನ ಅಕ್ಕ ಸುಭಾನಬಿಯ ಮನೆ ಸೇರಿ. ನೀವು ಸತ್ತಿರೆಂದು ಬರೆಸಿದವನು ನಿಮ್ಮನ್ನು ಎದುರುಗೊಳ್ಳಲು ಬರುತ್ತಿದ್ದಾನೆ.