ಹೂ ಎನ್ನುವ ಮೊದಲೇ ಹೂಂ ಎಂದವರಿಗೆ

ಮಾನ್ಯ ಉದ್ಯಾನಾಧಿಕಾರಿಗಳೇ,

ಮೊದಲು ನನ್ನ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ನಾಗಸಂದ್ರದ ನಮ್ಮ ಬಡಾವಣೆಯ ಪಾರ್ಕಿನಲ್ಲಿ, 'ನಡಿಗೆ ಪಥದಲ್ಲಿ ನಿಲ್ಲಬಾರದು' ಎಂಬ ತಮ್ಮ ಫಲಕದ ಕೆಳಗೇ, ಜನವರಿಯ ಒಂದು ಬೆಳಿಗ್ಗೆ ನಾನು ನಿಂತೆ. ಹಿಂದೆ ಬರುತ್ತಿದ್ದ ಗೌರಮ್ಮನವರು, "ಏನ್ ಸಾರ್, ನಿಲ್ಲೋ ಮುಂಚೆ ಬ್ರೇಕ್ ಲೈಟ್ ಹಾಕ್ಬಾರ್ದಾ?" ಎಂದು ಗದರಿದರು. ನಿಂತದ್ದು ಸಾಲದೆಂದು ತಲೆ ಎತ್ತಿಯೂ ನೋಡಿದೆ. ತಲೆ ಎತ್ತಬಾರದೆಂಬ ಫಲಕ ಇನ್ನೂ ಬಂದಿಲ್ಲವಾದರೂ, ತಮ್ಮ ಕಚೇರಿಯ ಮನೋಧರ್ಮ ಬಲ್ಲವನಾದ್ದರಿಂದ ಅದನ್ನೂ ತಪ್ಪೆಂದೇ ಬಗೆಯುತ್ತೇನೆ. ಹಾಗೆ ನೋಡಿದ್ದರಿಂದಲೇ ಹೇಳುತ್ತಿದ್ದೇನೆ: ಮರುವಾರ ತಾವು 'ಒಣಮರ' ಎಂದು ಕಡಿಸಿದ ಬೂರುಗ ಸತ್ತಿರಲಿಲ್ಲ. ಈಗ ಅದರ ಪಕ್ಕದ ಬೂರುಗಕ್ಕೂ ಕೆಂಪು ಗುರುತು ಬಿದ್ದಿದೆ. ಬರುವ ಸೋಮವಾರ ಅದನ್ನೂ ಕಡಿಸುತ್ತೀರಂತೆ. ಕಡಿಸಬೇಡಿ.

ಬೂರುಗ ಚಳಿಗಾಲದಲ್ಲಿ ಎಲೆಯನ್ನೆಲ್ಲ ಉದುರಿಸಿ ಬೋಳಾಗುತ್ತದೆ, ಚಿಗುರುವ ಮೊದಲು ಹೂ ಬಿಡುತ್ತದೆ. ಇದೇನು ಗುಪ್ತವಿದ್ಯೆಯಲ್ಲ, ತೋಟಗಾರಿಕೆ ಓದಿದವರು ಕೇಳಿರಲೂಬಹುದು. ಬೋಳಾದದ್ದೆಲ್ಲ ಸತ್ತದ್ದೆಂಬುದು ಇಲಾಖೆಯ ನಿಯಮವಾಗಿದ್ದರೆ ನನ್ನ ನೆತ್ತಿಗೂ ಒಂದು ಕೆಂಪು ಗುರುತು ಹಾಕಿಸಿಬಿಡಿ. ಆ ಮರದ ಕೊಂಬೆ ತುಂಬ ಗೋಲಿಯಂಥ ಮೊಗ್ಗು ಕೂತಿದ್ದವು. ಎರಡು ವಾರ ತಡೆದಿದ್ದರೆ ಕೆಂಪಗೆ ಅರಳುತ್ತಿತ್ತು. ಆದರೆ ಗುತ್ತಿಗೆದಾರ "ಕಡೀಲಾ ಸಾರ್?" ಎಂದ, ಮರ ಹೂ ಎನ್ನುವ ಮೊದಲೇ ತಾವು ಹೂಂ ಎಂದಿರಿ. ಕಡತ ತೆರೆಯುವ ಮುಂಚೆಯೇ ಕಡಿತ ಮುಗಿದಿತ್ತು. ಈಗ ಆ ಜಾಗದಲ್ಲಿ ಬಾಯಿ ತೆರೆದ ಪೆಂಗ್ವಿನ್ ಕಸದ ಡಬ್ಬಿ ನಿಂತಿದೆ. ನಮ್ಮ ಪೀಣ್ಯದ ಕಾರ್ಖಾನೆ ಸೀಮೆಗೆ ಹೇಳಿ ಮಾಡಿಸಿದ ಪಕ್ಷಿ: ಹಾರುವುದಿಲ್ಲ, ಹಾಡುವುದಿಲ್ಲ, ಪರಿಶೀಲನೆಗೆ ಬಂದವರ ಹೆಗಲ ಮೇಲೆ ಹಿಕ್ಕೆ ಹಾಕುವುದಿಲ್ಲ.

ನನ್ನ ಹೆಂಡತಿ ಹೇಮಲತಾ ಹಾವೇರಿ ಕಡೆಯವಳು. ಮಂಡಿನೋವಿಗೆ ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದರೂ ಲಿಫ್ಟಿನವರೆಗೆ ನಡೆದು ವಾಪಸಾಗುತ್ತಿದ್ದಳು. ಅವಳನ್ನು ಪಾರ್ಕಿಗೆ ಎಳೆದದ್ದು ನಾನಲ್ಲ, ಒಂದು ಕಂಚುಕುಟಿಗ. ಗುಬ್ಬಿಗಿಂತ ತುಸು ದಪ್ಪದ ಹಸಿರು ಹಕ್ಕಿ, ಹಣೆಗೆ ಕುಂಕುಮ ಬಳಿದಂಥ ಕೆಂಪು, ಕಂಚು ಬಡಿದಂತೆ ಟುಕ್ ಟುಕ್ ಎಂಬ ದನಿ. ಬೂರುಗದ ಒಂದು ಒಣಕೊಂಬೆಯಲ್ಲಿ ಅದು ಪೊಟರೆ ಕೊರೆಯುತ್ತಿತ್ತು. "ನೋಡ್ರೀ, ಮನಿ ಕಟ್ಟಾಕ ಹತ್ತೈತಿ. ಬ್ಯಾಂಕ್ ಇಲ್ಲ, ಲೋನ್ ಇಲ್ಲ, ಬರೇ ಬಾಯಿ ಮ್ಯಾಲೇ ಕಟ್ಟತೈತಿ, ನಿಮ್ಮ ಹಂಗ!" ಎನ್ನುತ್ತ ದಿನವೂ ಅದರ ಕೆಳಗೆ ನಿಲ್ಲುತ್ತಿದ್ದಳು. ಮರ ಉರುಳಿದ ದಿನ, ಬಿದ್ದ ಕೊಂಬೆಯ ಪೊಟರೆಯೊಳಗೆ ಬೆರಳಾಡಿಸಿ ನೋಡಿ ಮನೆಗೆ ಹೋದವಳು ಮತ್ತೆ ಲಿಫ್ಟು ದಾಟಲಿಲ್ಲ.

ನಾನು ದೂರು ಕೊಟ್ಟೆ. ತಮ್ಮ ಮೇಲ್ವಿಚಾರಕರಾದ ದಾಸಪ್ಪನವರು ಬಂದು, "ಎಲ್ಲಿ ಸಾರ್ ಹಕ್ಕಿ? ಕಾಣ್ತಾನೇ ಇಲ್ವಲ್ಲ" ಎಂದರು. ಹಕ್ಕಿಯನ್ನು ಕಿವಿಯಿಂದ ನೋಡಬೇಕು ಎಂದೆ. ನಾನು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಪಾಠ ಹೇಳುತ್ತ ತಲೆ ಬೋಳಾದವನು. ಲೇಥಿನ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆಯೆಂದು ಹೇಳಬಲ್ಲೆ. ನನ್ನ ಕಿವಿಗೆ ಮೋಸ ಮಾಡುವ ಸದ್ದು ಈ ಪೀಣ್ಯದಲ್ಲಿ ಇನ್ನೂ ಹುಟ್ಟಿಲ್ಲ. ಬೆರಳೆತ್ತಿ, "ಕೇಳಿ, ಟುಕ್ ಟುಕ್! ಪಾಪ, ಎರಡನೇ ಮರಕ್ಕೆ ಹೋಗಿದೆ. ಅದನ್ನಾದ್ರೂ ಬಿಡಿ" ಎಂದೆ. "ಓ, ಸಕ್ಕತ್ತಾಗಿ ಕೇಳಿಸ್ತೈತೆ ಬಿಡಿ ಸಾರ್" ಎಂದು ಅವರು ಬರೆದುಕೊಂಡರು.

ತಮ್ಮ ಉತ್ತರ ಬೇಗ ಬಂತು. ಕಡಿಯಲು ಅನುಕೂಲವಾಗುವ ಉತ್ತರಗಳು ತಮ್ಮಲ್ಲಿ ತಡವಾಗುವುದಿಲ್ಲ. 'ಸದರಿ ಹಕ್ಕಿಯ ದನಿಯು ದೂರುದಾರರ ಸಮಕ್ಷಮದಲ್ಲಿ ಸ್ಪಷ್ಟವಾಗಿ ಕೇಳಿಬಂದಿದ್ದು, ಮರದ ತೆರವಿನಿಂದ ಸದರಿ ಹಕ್ಕಿಗೆ ಯಾವುದೇ ಬಾಧೆಯಾಗಿರುವುದಿಲ್ಲ. ಆದ್ದರಿಂದ ಎರಡನೇ ಮರವನ್ನೂ ತೆರವುಗೊಳಿಸಬಹುದು.' ಆಹಾ! ಒಬ್ಬನ ಮನೆ ಕೆಡವಿದ ಮೇಲೂ ಅವನು ಕೂಗುತ್ತಿದ್ದರೆ, ಗಂಟಲು ಚೆನ್ನಾಗಿದೆ ಎಂದು ಬರೆದು ಪಕ್ಕದ ಮನೆಗೆ ಹೋಗುತ್ತೀರಾ? 'ಸದರಿ' ಎಂದು ಸೇರಿಸಿಬಿಟ್ಟರೆ ಯಾವ ಸುಳ್ಳಾದರೂ ಸರಿಯೇ?

ನನ್ನ ಬೇಡಿಕೆ ಇಷ್ಟು. ಕೆಂಪು ಗುರುತನ್ನು ಅಳಿಸಿ, ಯುಗಾದಿಯವರೆಗೆ ಕಾಯಿರಿ. ಅಷ್ಟರೊಳಗೆ ಹೂವೂ ಚಿಗುರೂ ಬರದಿದ್ದರೆ ಕೊಡಲಿಯನ್ನು ನಾನೇ ಹೊತ್ತು ತರುತ್ತೇನೆ. ಆ ವರದಿಯನ್ನು ಇವತ್ತೇ ರದ್ದುಪಡಿಸಿ. ರದ್ದತಿಗೆ ಕಾರಣ ಹೇಳದೆ ಬಿಡುವಂತಿದ್ದರೆ ಬಿಡುತ್ತಿದ್ದೆ; ಸೋಮವಾರ ಹತ್ತಿರ ಬಂತು.

ನಿನ್ನೆ ಹೇಮಲತಾಳನ್ನು ಕಾಡಿ ಬೇಡಿ ಎರಡನೇ ಮರದ ಕೆಳಗೆ ಕರೆತಂದು ನಿಲ್ಲಿಸಿದೆ. "ಕೇಳಿಸ್ತಾ?" ಎಂದೆ. ಟುಕ್ ಟುಕ್ ಟುಕ್. ಅವಳು ತಲೆ ಎತ್ತಿ ಕೊಂಬೆಗಳನ್ನು ಹುಡುಕತೊಡಗಿದಳು. ಅಷ್ಟರಲ್ಲಿ ಕರೆಂಟ್ ಹೋಯಿತು. ಕಾಂಪೌಂಡಿನಾಚೆಯ ಕಾರ್ಖಾನೆ ಶೆಡ್ಡುಗಳೆಲ್ಲ ಒಟ್ಟಿಗೆ ಸುಮ್ಮನಾದವು. ಹಕ್ಕಿಯೂ ಸುಮ್ಮನಾಯಿತು.

"ಏನ್ರೀ, ಕರೆಂಟ್ ಜೋಡಿ ನಿಮ್ಮ ಹಕ್ಕಿನೂ ಬಂದ್ ಆತಲ್ಲ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗೇಟಿನ ಕಡೆ ತಿರುಗಿದಳು.

ಅದು ಶೆಡ್ಡಿನಲ್ಲಿ ವಾಷರ್ ಕತ್ತರಿಸುವ ಪ್ರೆಸ್ಸು, ಮಾನ್ಯರೇ. ಹತ್ತು ನಿಮಿಷಕ್ಕೆ ಕರೆಂಟ್ ಬಂತು; ಮತ್ತೆ ಕೂಗತೊಡಗಿತು.

ಇಂತಿ,
ತಮ್ಮ ವರದಿಯ ಏಕೈಕ ಸಾಕ್ಷಿ,
ಅಮರೇಶ್, ಮೆಕ್ಯಾನಿಕಲ್ ವಿಭಾಗ